ಅಮೇದಿಕಲ್ಲಿಗೆ ದಾರಿ ಹುಡುಕೋದು ಹೇಗೆ?

ಎತ್ತಿನ ಭುಜದ ಫೋಟೋ ಎಲ್ಲರ ಸ್ಟೇಟಸ್‌ನಲ್ಲೂ ಇರತ್ತೆ. ಅದರ ನೆರೆಯ ಅಮೇದಿಕಲ್ಲಿನ ಹೆಸರು ಕೇಳಿದವರು ಕಡಿಮೆ. ಬೆಳ್ತಂಗಡಿ ತಾಲೂಕಿನ ಶಿಶಿಲದ ಕಡೆಯಿಂದ ಇದರ ಏರು ತುಂಬಾ ಕಡಿದು, ಕಾಡಿನಲ್ಲಿ ದಾರಿ ತಪ್ಪೋದು ಸುಲಭ.

ಮೊದಲು ಸರ್ವೆ ಆಫ್ ಇಂಡಿಯಾದ 1:50,000 ಟೋಪೋಶೀಟ್ ನೋಡಿ. ಅದರಲ್ಲಿ 1 ಸೆಂ.ಮೀ. ಅಂದ್ರೆ ನೆಲದ ಮೇಲೆ 500 ಮೀಟರ್. ಒಂದು ಕಾಂಟೂರ್ ಗೆರೆಯಿಂದ ಮುಂದಿನದಕ್ಕೆ 20 ಮೀಟರ್ ಎತ್ತರ. 2 ಮಿ.ಮೀ. ಜಾಗದಲ್ಲಿ ಇಂಥ 5 ಅಂತರ ಬಂದ್ರೆ, 100 ಮೀಟರ್‌ಗೆ 100 ಮೀಟರ್ ಏರು. ಟ್ಯಾನ್ ಥೀಟಾ 1, ಅಂದ್ರೆ 45 ಡಿಗ್ರಿ!

ಗೆರೆಗಳು ಶಿಖರದ ಕಡೆಗೆ ಒಳಬಾಗಿದ್ರೆ ಹಳ್ಳ, ಹೊರಗೆ ಉಬ್ಬಿದ್ರೆ ಏಣು. ಹಳ್ಳದಲ್ಲಿ ಬಂಡೆ, ನೀರು, ಜಾರಿಕೆ. ಅದಕ್ಕೇ ಹಳೇ ಕಾಲ್ದಾರಿಗಳು ಹೆಚ್ಚಾಗಿ ಏಣು ಹಿಡಿದು ಹೋಗ್ತವೆ.

ಆದ್ರೆ ಮ್ಯಾಪಿನಲ್ಲಿರೋ ಕಾಲ್ದಾರಿ ಈಗಲೂ ಇರಬೇಕು ಅಂತಿಲ್ಲ. ಜನರ ಓಡಾಟ ನಿಂತ್ರೆ ಕೆಲವೇ ಮಳೆಗಾಲದಲ್ಲಿ ಗಿಡಗಂಟಿ ಮುಚ್ಚಿಬಿಡತ್ತೆ. ಎದುರಿಗೆ ಚೆನ್ನಾಗಿ ಕಾಣೋ ದಾರಿ ಆನೆಯದ್ದೋ ಕಾಟಿಯದ್ದೋ ಆಗಿರಬಹುದು. ಅವಕ್ಕೆ ಬೇಕಾಗಿರೋದು ನೀರು, ಮೇವು, ಶಿಖರ ಅಲ್ಲ. ಜಿಪಿಎಸ್ ಟ್ರ್ಯಾಕನ್ನೂ ಕಣ್ಣುಮುಚ್ಚಿ ನಂಬಬೇಡಿ. ಅದನ್ನ ಹಾಕಿದವರು ದಾರಿತಪ್ಪಿ ಅಲೆದದ್ದೂ ಅದರಲ್ಲಿ ದಾರಿ ಅಂತಲೇ ಕಾಣತ್ತೆ. ಇದನ್ನೆಲ್ಲ ಬೇರ್ಪಡಿಸಿ ಹೇಳಬಲ್ಲವರು ಊರಿನವರೇ. ಅವರಲ್ಲೊಬ್ಬರನ್ನ ಜೊತೆಗೆ ಕರ್ಕೊಂಡು ಹೋಗಿ.

ಇದೆಲ್ಲಕ್ಕೂ ಮುಂಚೆ ಅರಣ್ಯ ಇಲಾಖೆಯ ಅನುಮತಿ ಬೇಕು. ಸಿಗಲಿಲ್ವಾ? ಹೋಗಬೇಡಿ. ಕದ್ದು ಕಾಡಿಗೆ ಹೊಕ್ಕವರು ಮಂಜಿನಲ್ಲಿ ಕಳೆದುಹೋದ್ರೆ, ಎಲ್ಲಿಂದ ಹುಡುಕೋಕೆ ಶುರು ಮಾಡಬೇಕು ಅನ್ನೋದೇ ಯಾರಿಗೂ ಗೊತ್ತಿರಲ್ಲ.