ಹೇಳಲು ಬಂದವರು, ಕೇಳಲು ಕಲಿತವರು

ಚಿತ್ರದುರ್ಗದ ಸೀಮೆಯೆಂದರೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಏಳು ಸುತ್ತಿನ ಕೋಟೆ, ಮದಕರಿನಾಯಕನ ಶೌರ್ಯ, ಓಬವ್ವನ ಒನಕೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಪ್ಪು ನೆಲವನ್ನು ತುಳಿದು ಹೋದ ದಂಡುಗಳ ಕಥೆಯನ್ನು ನಾವು ಬಾಲ್ಯದಿಂದಲೂ ಕೇಳಿ ಬಲ್ಲೆವು. ಆದರೆ ಕತ್ತಿ ಗುರಾಣಿಗಳಿಲ್ಲದೆ, ಕೈಯಲ್ಲಿ ಒಂದು ಪುಸ್ತಕವನ್ನು ಹಿಡಿದು, ಕಡಲನ್ನು ದಾಟಿ ಈ ಕಡೆಗೆ ಬಂದ ತರುಣರೂ ಇದ್ದರು. ಅವರು ಕ್ರೈಸ್ತ ಮಿಷನರಿಗಳು. ಅವರಲ್ಲಿ ಅನೇಕರಿಗೆ ಮೀಸೆ ಚಿಗುರಿ ಕೆಲವೇ ವರ್ಷಗಳಾಗಿದ್ದುವು. ತಾವು ನಂಬಿದ ಸತ್ಯವನ್ನು ಪರರಿಗೆ ಹೇಳಬೇಕೆಂಬ ಉತ್ಸಾಹ ಅವರ ಎದೆಯಲ್ಲಿತ್ತು. ಆ ಪರರ ಭಾಷೆಯ ಒಂದಕ್ಷರವೂ ಅವರ ನಾಲಿಗೆಯಲ್ಲಿರಲಿಲ್ಲ. ಅವರ ಅನುಭವದ ಸ್ವಾರಸ್ಯವೆಲ್ಲ ಇಲ್ಲಿಂದಲೇ ಆರಂಭವಾಗುತ್ತದೆ.

ಇಪ್ಪತ್ತು ವರ್ಷದ ಪ್ರವಾಸಿ

1831ರಲ್ಲಿ ಮೈಸೂರು ಸಂಸ್ಥಾನದ ಆಡಳಿತವನ್ನು ಇಂಗ್ಲಿಷರು ತಮ್ಮ ಕೈಗೆ ತೆಗೆದುಕೊಂಡರು. ರಾಜ್ಯವನ್ನು ಕೆಲವು ವಿಭಾಗಗಳಾಗಿ ಹಂಚಿದಾಗ ಇಂದಿನ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳೆರಡೂ ಚಿತ್ರದುರ್ಗ ವಿಭಾಗವೆಂಬ ಒಂದೇ ಹೆಸರಿನ ಕೆಳಗೆ ಬಂದುವು. ಹೊಸದುರ್ಗದಿಂದ ದಕ್ಷಿಣಕ್ಕೆ ಹುಳಿಯಾರು, ಚಿಕ್ಕನಾಯಕನಹಳ್ಳಿಗಳನ್ನು ಹಾದು ಹೋದರೆ ಸಿಕ್ಕುವ ಗುಬ್ಬಿ ಆ ವಿಭಾಗದೊಳಗಿನ ಒಂದು ಪೇಟೆ. 1837ರಲ್ಲಿ ವೆಸ್ಲಿಯನ್ ಮಿಷನ್ನಿನ ತಾಮಸ್ ಹಾಡ್ಸನ್ ಅಲ್ಲಿ ನೆಲೆಸಿ ಕೆಲಸ ಆರಂಭಿಸಿದ್ದರು. ಅವರ ಜತೆಗಾರನಾಗಿ ಬಂದವನು ವಿಲಿಯಂ ಆರ್ಥರ್.

ಆರ್ಥರ್ ಹುಟ್ಟಿದ್ದು 1819ರಲ್ಲಿ, ಐರ್ಲೆಂಡಿನ ಆಂಟ್ರಿಂ ಪ್ರಾಂತದಲ್ಲಿ. 1839ರ ಏಪ್ರಿಲ್ ತಿಂಗಳಲ್ಲಿ ಅವನು ಹಡಗನ್ನು ಏರಿದಾಗ ಅವನಿಗೆ ಬರಿಯ ಇಪ್ಪತ್ತು ವರ್ಷ. ಸೂಯೆಜ್ ಕಾಲುವೆ ತೆರೆಯಲು ಇನ್ನೂ ಮೂವತ್ತು ವರ್ಷಗಳಿದ್ದುವು. ಹಾಯಿಹಡಗುಗಳು ಆಫ್ರಿಕ ಖಂಡವನ್ನೇ ಬಳಸಿಕೊಂಡು ಬರಬೇಕಾಗಿದ್ದ ಕಾಲವದು. ತಿಂಗಳುಗಟ್ಟಲೆ ನೀರಲ್ಲದೆ ಬೇರೇನೂ ಕಾಣದು. ಮನೆಗೆ ಒಂದು ಕಾಗದ ಬರೆದರೆ ಅದಕ್ಕೆ ಉತ್ತರ ಬರುವಷ್ಟರಲ್ಲಿ ಒಂದು ಮಳೆಗಾಲ ಕಳೆದು ಹೋಗುತ್ತಿತ್ತು. ತಂದೆ ತಾಯಿಗಳನ್ನು ಬಿಟ್ಟು ಬರುವ ತರುಣ ಮರಳಿ ಅವರ ಮುಖವನ್ನು ನೋಡುವೆನೆಂಬ ಭರವಸೆಯಿಟ್ಟುಕೊಂಡು ಹೊರಡುವಂತಿರಲಿಲ್ಲ.

ಹೀಗೆ ಬಂದ ಆರ್ಥರ್ ಗುಬ್ಬಿಯ ಸೀಮೆಯಲ್ಲಿ ಕನ್ನಡವನ್ನು ಕಲಿತು, ಸಂತೆ ಜಾತ್ರೆಗಳಲ್ಲಿ ನಿಂತು ಜನರೊಡನೆ ಮಾತನಾಡತೊಡಗಿದನು. ಆದರೆ ದೇಹ ಅವನ ಉತ್ಸಾಹಕ್ಕೆ ಸಮನಾಗಿ ನಡೆಯಲಿಲ್ಲ. ಆರೋಗ್ಯ ಕೆಟ್ಟಿತು, ಕಣ್ಣುಗಳ ಶಕ್ತಿ ಕುಂದಿತು. 1841ರಲ್ಲಿ ಅವನು ಇಂಗ್ಲೆಂಡಿಗೆ ಹಿಂತಿರುಗಬೇಕಾಯಿತು. ಜೀವಮಾನವನ್ನೆಲ್ಲ ಕೊಡಬೇಕೆಂದು ಬಂದವನಿಗೆ ದೊರೆತದ್ದು ಎರಡು ವರ್ಷವೂ ಅಲ್ಲ! ಮುಂದೆ ಅವನು ತನ್ನ ಮಿಷನ್ ಸಂಘದ ಕಾರ್ಯದರ್ಶಿಯಾದನು. 1866ರಲ್ಲಿ ಇಂಗ್ಲೆಂಡಿನ ವೆಸ್ಲಿಯನ್ ಮಹಾಸಭೆಯ ಅಧ್ಯಕ್ಷನೂ ಆದನು. 1901ರಲ್ಲಿ ತೀರಿಕೊಳ್ಳುವವರೆಗೆ ಅವನು ಬರೆದ ಗ್ರಂಥಗಳು ಹಲವು. ಅವುಗಳಲ್ಲಿ 1847ರಲ್ಲಿ ಪ್ರಕಟವಾದ ‘ಎ ಮಿಷನ್ ಟು ದ ಮೈಸೂರ್’ ಎಂಬುದು ಈ ಕಿರಿದಾದ ವಾಸದ ಫಲ. ಹಡಗಿನ ಪಯಣ, ಹಳ್ಳಿಯ ದಾರಿ, ಇಲ್ಲಿನ ಜನ ಮತ್ತು ಅವರ ಮತಧರ್ಮಗಳ ವಿಚಾರಗಳೆಲ್ಲ ಅದರಲ್ಲಿ ಸೇರಿವೆ.

ಹೊಳಲ್ಕೆರೆ ಎನ್ನುವುದು ಸುಲಭವೆ?

ಇಂತಹ ತರುಣರಿಗೆ ಮೊದಲ ಪರೀಕ್ಷೆ ಬಿಸಿಲಲ್ಲ, ಜ್ವರವಲ್ಲ, ನಮ್ಮ ಕನ್ನಡ. ಊರಿನಲ್ಲಿ ಪದವಿ ಪಡೆದು, ವೇದಿಕೆಯ ಮೇಲೆ ನಿಂತು ಉಪನ್ಯಾಸ ಮಾಡಿ ಬಂದವನು ಇಲ್ಲಿ ಮುನ್ಷಿಯ ಎದುರು ಚಿಕ್ಕ ಮಗುವಿನಂತೆ ಕುಳಿತು ಅಕ್ಷರ ತಿದ್ದಬೇಕು. ತಕಾರ ಟಕಾರಗಳ ಭೇದ, ಅಲ್ಪಪ್ರಾಣ ಮಹಾಪ್ರಾಣಗಳ ಭೇದ ಇಂಗ್ಲಿಷ್ ಕಿವಿಗೆ ಬೇಗನೆ ಹಿಡಿಯುವಂತಹದಲ್ಲ. ‘ಹಳ್ಳಿ’ಗೆ ಹೋಗಬೇಕೆಂದವನು ‘ಹಲ್ಲಿ’ಗೆ ಹೋಗಬೇಕೆಂದರೆ ಕೇಳುವವರು ನಗದಿರುವರೆ? ‘ಹೊಳಲ್ಕೆರೆ’ ಎಂಬ ಒಂದು ಊರಿನ ಹೆಸರಿನಲ್ಲಿಯೇ ಳಕಾರವೂ ಲಕಾರವೂ ಒಂದರ ಬೆನ್ನಿಗೆ ಒಂದು ಬಂದು ನಿಂತಿವೆ! ಇನ್ನು ‘ನೀನು’, ‘ನೀವು’, ‘ತಾವು’ ಎಂಬ ಮೂರರಲ್ಲಿ ಯಾರನ್ನು ಯಾವುದರಿಂದ ಕರೆಯಬೇಕು? ಒಂದೇ ಪದದಿಂದ ಎಲ್ಲರನ್ನೂ ಸಂಬೋಧಿಸಿ ರೂಢಿಯಾದವನಿಗೆ ಇದು ವ್ಯಾಕರಣದ ಪ್ರಶ್ನೆ ಮಾತ್ರವಲ್ಲ. ಒಂದು ಸಮಾಜದ ಮರ್ಯಾದೆಯ ಪ್ರಶ್ನೆ.

ಉಚ್ಚಾರಣೆ ಸರಿಹೋದ ಮೇಲೂ ಕಷ್ಟ ತೀರುತ್ತಿರಲಿಲ್ಲ. ಹೇಳಬೇಕಾದ ಸಂಗತಿ ಪಾಪ, ಕೃಪೆ, ರಕ್ಷಣೆ, ದೇವರು. ಈ ಪದಗಳನ್ನು ಮಿಷನರಿಗಳು ಹೊಸದಾಗಿ ಟಂಕಿಸಲಿಲ್ಲ. ಇಲ್ಲಿ ಇದ್ದುವನ್ನೇ ಎತ್ತಿಕೊಂಡರು. ಆದರೆ ಅವು ಖಾಲಿ ಪಾತ್ರೆಗಳಾಗಿರಲಿಲ್ಲ. ಶರಣರ ವಚನಗಳೂ ದಾಸರ ಪದಗಳೂ ಶತಮಾನಗಳಿಂದ ಅವುಗಳಲ್ಲಿ ತಮ್ಮ ಅರ್ಥವನ್ನು ತುಂಬಿದ್ದುವು. ಆದುದರಿಂದ ಪರದೇಶದ ತರುಣ ‘ಕೃಪೆ’ ಎಂದಾಗ, ಕೇಳುತ್ತಿದ್ದ ಒಕ್ಕಲಿಗನ ಮನಸ್ಸಿನಲ್ಲಿ ಅದಾಗಲೇ ಒಂದು ಅರ್ಥವಿತ್ತು. ತಾನು ಹೇಳಿದ್ದೇನು, ಇವನು ಕೇಳಿದ್ದೇನು ಎಂಬುದನ್ನು ತಿಳಿಯಬೇಕಾದರೆ ಹೇಳುವವನು ಮೊದಲು ಕೇಳಬೇಕಾಯಿತು; ಇಲ್ಲಿನ ಗ್ರಂಥಗಳನ್ನು ಓದಬೇಕಾಯಿತು.

ಹಾಗೆ ಓದಿದವರಿಂದ ಆದ ಲಾಭ ಸಾಮಾನ್ಯವಲ್ಲ. ಗುಬ್ಬಿಯ ಹಾಡ್ಸನ್ 1859ರಲ್ಲಿ ಕನ್ನಡಕ್ಕೊಂದು ವ್ಯಾಕರಣವನ್ನು ಬರೆದರು. ಅದೇ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್ ಜೈಮಿನಿ ಭಾರತವನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದರು; ಬಳ್ಳಾರಿಯ ಲಂಡನ್ ಮಿಷನ್ನಿಗೆ ಸೇರಿದ್ದ ವಿಲಿಯಂ ರೀವ್ ಮಾಡಿದ್ದ ನಿಘಂಟನ್ನು 1858ರಲ್ಲಿ ತಿದ್ದಿ ಹೊರತಂದರು. ಕರಾವಳಿಗೆ ಬಂದ ಬಾಸೆಲ್ ಮಿಷನ್ನಿನವರ ಕಥೆಯೂ ಇದೇ. ಹರ್ಮನ್ ಮೋಗ್ಲಿಂಗ್ 1836ರಲ್ಲಿ ಬಂದಾಗ ಇಪ್ಪತ್ತೈದರ ತರುಣ. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದವರು ಅವರು. ಮರುವರ್ಷ ಆ ಪತ್ರಿಕೆ ‘ಕನ್ನಡ ಸಮಾಚಾರ’ವೆಂಬ ಹೆಸರಿನಿಂದ ಚಿತ್ರದುರ್ಗದ ನೆರೆಯ ಬಳ್ಳಾರಿಯಲ್ಲಿ ಅಚ್ಚಾಗತೊಡಗಿತು. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಮೋಗ್ಲಿಂಗರ ಪ್ರಯತ್ನದಿಂದ ಓಲೆಗರಿಯನ್ನು ಬಿಟ್ಟು ಕಾಗದಕ್ಕೆ ಇಳಿದುವು. ಫರ್ಡಿನಂಡ್ ಕಿಟ್ಟೆಲ್ 1853ರಲ್ಲಿ ಬಂದಾಗ ಇಪ್ಪತ್ತೊಂದು ವರ್ಷದವರು. ಅವರ ಮಹಾ ನಿಘಂಟು ಅಚ್ಚಾದದ್ದು 1894ರಲ್ಲಿ. ಈ ನಡುವೆ, 1864ರಲ್ಲಿ, ಪತ್ನಿ ಪೌಲೀನ್ ತೀರಿಕೊಂಡಿದ್ದರು, ತಾರುಣ್ಯ ಕಳೆದಿತ್ತು, ಆರೋಗ್ಯ ಶಿಥಿಲವಾಗಿತ್ತು. ಹೇಳಲು ಬಂದವರೊಬ್ಬರು ನಾಲ್ಕು ದಶಕಗಳ ಕಾಲ ಕೇಳಿದ್ದರ ದಾಖಲೆ ಆ ನಿಘಂಟು.

ಕಾಗದಗಳನ್ನು ಓದುವ ಬಗೆ

ಇಷ್ಟು ಹೇಳಿದ ಮಾತ್ರಕ್ಕೆ ಈ ತರುಣರು ಬರೆದುದೆಲ್ಲವನ್ನೂ ನಾವು ತಲೆಬಾಗಿ ಒಪ್ಪಬೇಕೆಂದಲ್ಲ. ಅವರ ದಿನಚರಿಗಳೂ ಕಾಗದಗಳೂ ಕೇವಲ ಆತ್ಮೀಯರಿಗೆ ಬರೆದವಲ್ಲ. ಮಿಷನ್ ಸಂಘಗಳು ಅವುಗಳನ್ನು ತಮ್ಮ ಪತ್ರಿಕೆಗಳಲ್ಲಿ ಅಚ್ಚು ಮಾಡಿ ಊರೂರಿನ ಸಭೆಗಳಲ್ಲಿ ಓದಿಸುತ್ತಿದ್ದುವು. ಅವನ್ನು ಕೇಳಿದ ಜನ ಮನಕರಗಿ ಹಣ ಕೊಡಬೇಕಾಗಿತ್ತು. ಇಲ್ಲಿನ ಕತ್ತಲೆ ಎಷ್ಟು ದಟ್ಟವೆಂದು ತೋರಿದರೆ ಅಲ್ಲಿಂದ ಬರುವ ದೀಪದೆಣ್ಣೆಯೂ ಅಷ್ಟು ಹೆಚ್ಚು! ಆದುದರಿಂದ ನಮ್ಮ ಜಾತ್ರೆ, ತೇರು, ಪೂಜೆಗಳ ವರ್ಣನೆ ಆ ಬರಹಗಳಲ್ಲಿ ಒಮ್ಮೊಮ್ಮೆ ನಮ್ಮ ಮನಸ್ಸನ್ನು ನೋಯಿಸುತ್ತದೆ. ತನ್ನದೇ ದಿಟವೆಂದು ನಂಬಿ ಬಂದ ಇಪ್ಪತ್ತರ ಹರೆಯದವನ ಕಣ್ಣು ಇನ್ನೊಬ್ಬರ ಭಕ್ತಿಯನ್ನು ಸುಲಭವಾಗಿ ಕಾಣಲಾರದು. ಅವನ ಹಿಂದೆ ಆಳುವವರ ನೆರಳೂ ಇತ್ತು. ತಾನು ಬಂದೂಕು ಹಿಡಿಯದಿದ್ದರೂ, ಬಂದೂಕು ಹಿಡಿದವರ ಬಣ್ಣ ಅವನದು. ಸಂತೆಯಲ್ಲಿ ಅವನ ಮಾತಿಗೆ ನಿಂತವರಲ್ಲಿ ಕುತೂಹಲದಿಂದ ನಿಂತವರೆಷ್ಟು, ಅಂಜಿ ನಿಂತವರೆಷ್ಟು ಎಂಬುದನ್ನು ಅವನು ತಾನೇ ಹೇಗೆ ಬಲ್ಲನು?

ಮತ್ತೊಂದು ಕೊರತೆಯೂ ಆ ಬರಹಗಳಲ್ಲಿದೆ. ಅಕ್ಷರ ತಿದ್ದಿಸಿದ ಮುನ್ಷಿಗಳು, ಗಾದೆಗಳನ್ನು ಹೇಳಿಕೊಟ್ಟ ರೈತರು, ಓಲೆಯ ಕಟ್ಟುಗಳನ್ನು ಬಿಚ್ಚಿ ಅರ್ಥ ವಿವರಿಸಿದ ಪಂಡಿತರು, ಇವರಿಲ್ಲದೆ ಒಂದು ವ್ಯಾಕರಣವೂ ಒಂದು ನಿಘಂಟೂ ಆಗುತ್ತಿರಲಿಲ್ಲ. ಇವರಲ್ಲಿ ಬಹು ಮಂದಿಯ ಹೆಸರು ಉಳಿಯಲಿಲ್ಲ. ಗ್ರಂಥದ ಮೊದಲ ಪುಟದಲ್ಲಿ ಶಿಷ್ಯನ ಹೆಸರಿದೆ. ಗುರುವಿನ ಹೆಸರು ಮಣ್ಣುಗೂಡಿತು.

ಬಂಡೆಯ ಮೇಲಿನ ಮಾತು

ಚಿತ್ರದುರ್ಗದ ಸೀಮೆಗೆ ಧರ್ಮದ ಮಾತು ದೂರದಿಂದ ಬಂದದ್ದು ಅದೇ ಮೊದಲಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿ ತನ್ನ ಧರ್ಮಶಾಸನವನ್ನು ಬರೆಸಿದ್ದನು. ತಾಯಿತಂದೆಗಳ ಮಾತನ್ನು ಕೇಳಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದು ಅದರ ಬೋಧೆ. ಬರೆದ ಲಿಪಿಕಾರ ಚಪಡನೆಂಬವನ ಹೆಸರೂ ಅಲ್ಲಿದೆ. ಆದರೆ ಆ ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮೀ. ಕಾಲ ಕಳೆದಂತೆ ಅದನ್ನು ಓದಬಲ್ಲವರು ಇಲ್ಲವಾದರು. ದನ ಕಾಯುವವರು ಶತಮಾನಗಳ ಕಾಲ ಆ ಬಂಡೆಗಳ ಮೇಲೆ ಕುಳಿತು ವಿಶ್ರಮಿಸಿಕೊಂಡಿರಬೇಕು, ಬಂಡೆ ಮಾತನಾಡಲಿಲ್ಲ.

1892ರಲ್ಲಿ ಅದನ್ನು ಗುರುತಿಸಿದವರು ಬಿ. ಎಲ್. ರೈಸ್. ಅವರ ತಂದೆ ಬೆಂಜಮಿನ್ ರೈಸ್ ಲಂಡನ್ ಮಿಷನ್ನಿನ ತರುಣರಾಗಿ 1837ರ ಆರಂಭದಲ್ಲಿ ಬೆಂಗಳೂರಿಗೆ ಬಂದವರು. ಕನ್ನಡವನ್ನು ಕಲಿತು, ಅರ್ಧ ಶತಮಾನ ಇಲ್ಲಿಯೇ ದುಡಿದು, ಇಲ್ಲಿಯೇ ಮಣ್ಣಾದವರು. ಅವರು ಬಂದ ವರ್ಷವೇ ಮಗ ಬೆಂಗಳೂರಿನಲ್ಲಿ ಹುಟ್ಟಿದನು. ಕನ್ನಡವನ್ನು ಕೇಳುತ್ತ ಬೆಳೆದನು. ತಂದೆಯಂತೆ ಅವನು ಮಿಷನರಿಯಾಗಲಿಲ್ಲ. ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿಯೂ ಪ್ರಾಚ್ಯ ಸಂಶೋಧನೆಯಲ್ಲಿಯೂ ಕೆಲಸ ಮಾಡಿದನು. 1903ರಲ್ಲಿ ಅವನು ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೊಂದನೆಯ ಸಂಪುಟ ಚಿತ್ರದುರ್ಗ ಜಿಲ್ಲೆಯದು. ಹಿರಿಯೂರು, ಹೊಳಲ್ಕೆರೆಗಳ ಕಡೆಯ ಕಲ್ಲುಗಳೆಲ್ಲ ಅದರಲ್ಲಿ ಬಾಯಿಬಿಟ್ಟವು. ತಂದೆ ಹೇಳಲು ಬಂದರು. ಮಗ ನಮ್ಮ ಕಲ್ಲುಗಳಿಗೂ ಕಿವಿಗೊಟ್ಟನು. ಒಂದು ಸಂಸಾರ ಎರಡು ತಲೆಮಾರುಗಳಲ್ಲಿ ನಡೆದ ದೂರ ಇದು.

ಇಂದಿನ ತರುಣರಿಗೆ

ಈಗ ಕಡಲನ್ನು ದಾಟುವುದಕ್ಕೆ ತಿಂಗಳುಗಳು ಬೇಕಾಗಿಲ್ಲ. ವಿಮಾನ ಒಂದು ದಿನದೊಳಗೆ ಭೂಮಿಯ ಆ ಮಗ್ಗುಲಿಗೆ ಮುಟ್ಟಿಸುತ್ತದೆ. ಕ್ರೈಸ್ತ ತರುಣ ತರುಣಿಯರು ಎರಡು ವಾರ, ಮೂರು ವಾರಗಳ ಸೇವಾಯಾತ್ರೆಗೆಂದು ಪರದೇಶಕ್ಕೆ ಹೋಗಿ ಬರುವುದು ಇಂದು ಲೋಕದಲ್ಲಿ ಸಾಮಾನ್ಯವಾಗಿದೆ. ಒಂದು ಶಾಲೆಗೆ ಬಣ್ಣ ಬಳಿದು, ಮಕ್ಕಳೊಡನೆ ಹಾಡಿ, ಭಾವಚಿತ್ರಗಳನ್ನು ತೆಗೆಸಿಕೊಂಡು ಅವರು ಹಿಂತಿರುಗುತ್ತಾರೆ. ಅವರ ಸದ್ಭಾವದಲ್ಲಿ ಸಂದೇಹವಿಲ್ಲ. ಆದರೆ ಎರಡು ವಾರಗಳಲ್ಲಿ ಳಕಾರ ಲಕಾರಗಳ ಭೇದವೂ ಕಿವಿಗೆ ಹಿಡಿಯದು. ತಾನು ಕೊಟ್ಟದ್ದನ್ನು ಎಣಿಸುವುದಕ್ಕೆ ಆ ಕಾಲ ಸಾಕು. ತಾನು ಪಡೆದದ್ದನ್ನು ಅರಿಯುವುದಕ್ಕೆ ಸಾಲದು.

ಈ ಮಾತು ಒಂದು ಮತದವರಿಗೆ ಮಾತ್ರ ಸಲ್ಲುವಂತಹದಲ್ಲ. ಹೊಸದುರ್ಗ ಹಿರಿಯೂರುಗಳಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಸಾಗರದಾಚೆಗೆ ಹೋಗುವ ನಮ್ಮ ಮಕ್ಕಳಿಗೂ ಇದು ಸಲ್ಲುತ್ತದೆ. ಪರರ ಊರಿನಲ್ಲಿ ಕಾಲಿಟ್ಟವನು ಅಲ್ಲಿಯವರನ್ನು ತಿದ್ದುವೆನೆಂದು ಹೊರಡುವ ಮೊದಲು ಅವರಿಂದ ತನ್ನ ಉಚ್ಚಾರಣೆಯನ್ನು ತಿದ್ದಿಸಿಕೊಳ್ಳುವುದು ಲೇಸು. ಆರ್ಥರನಿಗೆ ಅದಕ್ಕೆ ದೊರೆತ ಕಾಲ ಸ್ವಲ್ಪ. ಕಿಟ್ಟೆಲರಿಗೆ ದೊರೆತದ್ದು ಒಂದು ಆಯುಷ್ಯ. ಅವರು ಬೋಧಿಸಿದ ಮತವನ್ನು ಕನ್ನಡಿಗರಲ್ಲಿ ಕೆಲವರು ಸ್ವೀಕರಿಸಿದರು, ಬಹು ಮಂದಿ ಸ್ವೀಕರಿಸಲಿಲ್ಲ. ಅವರು ನಮ್ಮಿಂದ ಕೇಳಿ ಬರೆದಿಟ್ಟ ಮಾತುಗಳನ್ನಾದರೋ ನಾವೆಲ್ಲರೂ ಇಂದಿಗೂ ಬಳಸುತ್ತಿದ್ದೇವೆ. ಯಾವುದೋ ಪದದ ಅರ್ಥಕ್ಕಾಗಿ ಕಿಟ್ಟೆಲರ ನಿಘಂಟನ್ನು ಬಿಚ್ಚಿದಾಗ, ಅದನ್ನು ಅವರಿಗೆ ಹೇಳಿಕೊಟ್ಟ ಆ ಹೆಸರಿಲ್ಲದ ಗುರುವನ್ನೂ ಒಂದು ಕ್ಷಣ ಸ್ಮರಿಸೋಣ. ಶಿಷ್ಯನು ಗುರುವನ್ನು ಗೌರವಿಸಬೇಕೆಂಬ ಮಾತು ನಮ್ಮ ಜಿಲ್ಲೆಯ ಬಂಡೆಯ ಮೇಲೆಯೇ ಬರೆದಿದೆಯಲ್ಲವೆ?