ಬಿಸಿಲಿಗೆ ಸೈಕಲ್ ತುಳಿಯುವವನಿಗೆ ಒಂದು ಬಾಟ್ಲಿ ನೀರು ಸಾಲದು!

ದೋರನಹಳ್ಳಿ: ಬಿಸಿಲೆಂದರೆ ಈ ಭಾಗದವರಿಗೆ ಹೊಸತಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಪಾರಾ 40 ಡಿಗ್ರಿ ದಾಟುವುದು ವಾಡಿಕೆ. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಆ ಎರಡು ತಿಂಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1-30ಕ್ಕೆ ಬಾಗಿಲು ಹಾಕುವುದೂ ಇದೇ ಕಾರಣಕ್ಕೆ. ಆದರೆ ಸೈಕಲ್ ಮೇಲೆ ಹೊಟ್ಟೆ ಹೊರೆಯುವವನಿಗೆ ಯಾರು ವೇಳೆ ಬದಲಿಸಿ ಕೊಟ್ಟಾರು?

ಶಹಾಪುರ-ಯಾದಗಿರಿ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ಹೊರಗೆ ನೋಡಿದವರಿಗೆ ಆತ ಕಂಡೇ ಕಾಣುತ್ತಾನೆ. ತಲೆಗೆ ಟವೆಲ್, ಕ್ಯಾರಿಯರ್ ಮೇಲೆ ಮಾರುವ ಸಾಮಾನು, ಹ್ಯಾಂಡಲ್‌ಗೆ ಕೈಚೀಲ. ಚೀಲದಲ್ಲಿ ನೀರೆಷ್ಟು? ಬಹಳವಾದರೆ ಒಂದು ಬಾಟ್ಲಿ. ಕೇಳಿದರೆ "ಇಷ್ಟ ಸಾಕ್ ಬಿಡ್ರಿ, ಮುಂದ ಎಲ್ಲೆರ ಸಿಗ್ತದ" ಎಂಬ ಮಾತು.

ಲೆಕ್ಕ ನೋಡಿ. ಇಂಥ ಬಿಸಿಲಲ್ಲಿ ಸೈಕಲ್ ತುಳಿಯುವವನ ಮೈಯಿಂದ ತಾಸಿಗೆ ಅರ್ಧದಿಂದ ಒಂದು ಲೀಟರ್, ಕೆಲವರಿಗೆ ಅದಕ್ಕೂ ಹೆಚ್ಚು, ಬೆವರು ಹೋಗುತ್ತದೆ. 60 ಕಿಲೋ ತೂಕದ ಆಳಿಗೆ ಒಂದೂಕಾಲು ಲೀಟರ್ ಕಡಿಮೆಯಾದರೆ ಸಾಕು, ಕಾಲಿನ ಕಸುವು ಕುಗ್ಗುತ್ತದೆ, ತಲೆ ಭಾರವಾಗುತ್ತದೆ. ಶಹಾಪುರದಿಂದ ಯಾದಗಿರಿಗೆ 30 ಕಿ.ಮೀ.ಗೂ ಹೆಚ್ಚು. ಹೇರು ಹೊತ್ತ ಸೈಕಲ್ಲಿಗೆ ಹೆಚ್ಚುಕಡಿಮೆ ಮೂರು ತಾಸಿನ ದಾರಿ. ಎರಡರಿಂದ ಮೂರು ಲೀಟರ್ ಬೇಕೇ ಬೇಕು.

ಘಾತವಾಗುವುದು ಹೆಚ್ಚಾಗಿ ಹೋಗುವಾಗಲ್ಲ, ಬರುವಾಗ. ದೋರನಹಳ್ಳಿಯಿಂದ ಶಹಾಪುರದ ಪ್ಯಾಟಿಗೆ ಹೊರಟವನು ತಂಪುಹೊತ್ತಿನಲ್ಲಿ ಹೋಗುತ್ತಾನೆ. ಕೆಲಸ ಮುಗಿಸಿ ತಿರುಗುವಾಗ ನೆತ್ತಿ ಸುಡುವ ಹೊತ್ತು, ಬಾಟ್ಲಿ ಖಾಲಿ! ಊರು ಬಿಡುವ ಮುನ್ನ ಮತ್ತೆ ತುಂಬಿಕೊಳ್ಳುವ ರೂಢಿ ಎಷ್ಟು ಜನರಿಗಿದೆ? ಸೈಕಲ್ ಮೇಲೆ ಶಾಲೆಗೆ ಹೋಗುವ ಮಕ್ಕಳಿಗೂ ಇದೇ ಮಾತು. 2006-07ರಿಂದ ಸರ್ಕಾರ 8ನೇ ತರಗತಿಯವರಿಗೆ ಸೈಕಲ್ ಹಂಚತೊಡಗಿದಾಗ ಅದರ ಜತೆ ನೀರಿನ ಬಾಟ್ಲಿಯ ಯೋಚನೆ ಯಾರಿಗೂ ಹೊಳೆದಂತಿಲ್ಲ.

ದಾರಿಯಲ್ಲಿ ಸಿಕ್ಕ ನೀರು ಕುಡಿದರಾಯಿತು ಎನ್ನುವಂತೆಯೂ ಇಲ್ಲ. ಕಾಲುವೆ ತುಂಬಿ ಹರಿದರೂ ಅದು ಹೊಲದ ನೀರು, ಹೊಟ್ಟೆಯದಲ್ಲ. 2023ರ ಫೆಬ್ರುವರಿಯಲ್ಲಿ ಇದೇ ಜಿಲ್ಲೆಯ ಗುರುಮಠಕಲ್ ತಾಲೂಕಿನ ಅನಪುರದಲ್ಲಿ ಕಲುಷಿತ ನೀರು ಕುಡಿದು ಜನ ಜೀವ ಕಳೆದುಕೊಂಡದ್ದನ್ನು ಮರೆಯುವಂತಿಲ್ಲ. ಮನೆಯ ನೀರೇ ಲೇಸು.

ಒಯ್ಯುವುದು ಹೇಗೆ? ಹಿಂದೆ ದಪ್ಪ ಕ್ಯಾನ್ವಾಸಿನ ನೀರಿನ ಚೀಲವಿತ್ತು. ಒಸರಿ ಒಸರಿ, ಗಾಳಿಗೆ ನೀರು ತಣ್ಣಗಿರುತ್ತಿತ್ತು. ಈಗ ಬಾಟ್ಲಿಗೆ ಒದ್ದೆ ಅರಿವೆ ಸುತ್ತಿದರೂ ಅದೇ ಕೆಲಸ ನಡೆಯುತ್ತದೆ. ಅರಿವೆ ಒಣಗಿದಾಗ ಮತ್ತೆ ತೋಯಿಸಬೇಕು, ಅಷ್ಟೆ. ಎರಡು ಲೀಟರ್ ಎಂದರೆ ಎರಡು ಕಿಲೋ ಭಾರ. ಹ್ಯಾಂಡಲ್‌ನ ಒಂದೇ ಕಡೆ ತೂಗುಹಾಕಿದರೆ ಸೈಕಲ್ ಆ ಕಡೆಗೇ ಎಳೆಯುತ್ತದೆ. ಎರಡೂ ಕಡೆ ಒಂದೊಂದು ಇರಲಿ. ಒಮ್ಮೆಲೇ ಗಟಗಟ ಕುಡಿಯದೆ ಹದಿನೈದು-ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು. ದಾರಿ ದೂರವಿದ್ದರೆ ಬರೀ ನೀರಷ್ಟೇ ಸಾಲದು, ಬೆವರಿನೊಂದಿಗೆ ಉಪ್ಪೂ ಹೋಗಿರುತ್ತದೆ. ಉಪ್ಪು ಹಾಕಿದ ಮಜ್ಜಿಗೆ ಅಥವಾ ಅಂಬಲಿ ಆದೀತು. ಇಲ್ಲವೇ ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಮೂತ್ರ ಕಡು ಹಳದಿಯಾಯಿತೆಂದರೆ ನೀರು ಸಾಲದಾಗಿದೆ ಎಂದೇ ತಿಳಿಯಬೇಕು.

ಮೈ ಕೆಂಡದಂತಾಗಿ, ಮಾತು ತಡಬಡಾಯಿಸತೊಡಗಿದರೆ ತಡಮಾಡುವಂತಿಲ್ಲ. ಬೆವರು ಬರುತ್ತಿದೆಯಲ್ಲ ಎಂದು ಸುಮ್ಮನಿರಲೂಬಾರದು. ನೆರಳಿಗೆ ಎಳೆದು, ಮೈಮೇಲೆ ನೀರು ಹೊಯ್ದು, ಗಾಳಿ ಹಾಕುತ್ತ 108ಕ್ಕೆ ಫೋನ್ ಮಾಡಬೇಕು. ಎಚ್ಚರ ತಪ್ಪಿದವನ ಬಾಯಿಗೆ ನೀರು ಬಿಡಲೇಬಾರದು. ಶ್ವಾಸಕ್ಕೆ ಹೋದರೆ ಅದೇ ಕೊಲ್ಲುತ್ತದೆ.

ಇನ್ನು ಅಂಗಡಿಕಾರರ ಮಾತು. ಬ್ಯಾಸಗಿ ಬಂದರೆ ಅರವಟ್ಟಿಗೆ ಇಡುವುದು ಈ ಸೀಮೆಯ ಹಳೇ ಪದ್ಧತಿ. ಬಾಟ್ಲಿ ನೀರಿನ ವ್ಯಾಪಾರ ಬಂದ ಮೇಲೆ ಪುಕ್ಕಟೆ ನೀರು ಕೇಳಲು ಬಡವನಿಗೇ ಸಂಕೋಚ. ಅಂಗಡಿ ಮುಂದೆ ಒಂದು ಮಡಿಕೆ, ಮೇಲೊಂದು ಮುಚ್ಚಳ, ಉದ್ದ ಹಿಡಿಕೆಯ ಸೌಟು, ಖರ್ಚು ಇಷ್ಟೇ. ಬಾಟ್ಲಿ ತುಂಬಿಕೊಳ್ಳಲು ನಿಂತವನು ಒಂದು ಚಹಾ ಕುಡಿಯದೇ ಹೋಗುವುದು ಅಪರೂಪ ಎಂಬುದು ಹೋಟೆಲಿನವರಿಗೆ ಗೊತ್ತಿಲ್ಲದ್ದೇನಲ್ಲ.