ಮನೆ-ಪ್ಲಾಟು ವ್ಯವಹಾರದ ವಂಚನೆ: ಶಿಕ್ಷೆಯ ಮೇಲಿನ ಅಪೀಲು

ಮನೆ, ಪ್ಲಾಟು, ಕಟ್ಟಡ ಗುತ್ತಿಗೆಯ ವ್ಯವಹಾರದಲ್ಲಿ ವಂಚಿಸಿದನೆಂದು ನ್ಯಾಯಾಲಯ ಒಬ್ಬನಿಗೆ ಶಿಕ್ಷೆ ಕೊಟ್ಟಾಗ, ಆ ತೀರ್ಪನ್ನು ಮೇಲಿನ ನ್ಯಾಯಾಲಯ ಇನ್ನೊಮ್ಮೆ ನೋಡಬೇಕೆಂದು ಕೇಳುವುದೇ ಕ್ರಿಮಿನಲ್ ಅಪೀಲು. ಇದು ನ್ಯಾಯಾಧೀಶರು ದಯೆಯಿಂದ ಕೊಡುವ ಅವಕಾಶವಲ್ಲ, ಕಾನೂನು ಕೊಟ್ಟ ಹಕ್ಕು. ಅಪೀಲು ನಡೆದಿರುವಷ್ಟು ಕಾಲ ಹಣ ಕಳೆದುಕೊಂಡವರು ಕಾಯುತ್ತಲೇ ಇರುತ್ತಾರೆ. ಆದ್ದರಿಂದ ಇದರ ನಡೆ ಎರಡೂ ಕಡೆಯವರಿಗೆ ಗೊತ್ತಿರಬೇಕಾದದ್ದು.

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯಂಥ ಊರುಗಳಲ್ಲಿ ಇಂಥ ಮೊಕದ್ದಮೆ ಹುಟ್ಟುವುದು ಬಹುಮಹಡಿ ಕಟ್ಟಡಗಳಿಗಿಂತ ಹೆಚ್ಚಾಗಿ ಊರ ಹೊರಗಿನ ಹೊಲ ಪ್ಲಾಟಾಗುವಲ್ಲಿ. ಎನ್.ಎ. (ಕೃಷಿಯೇತರ ಜಮೀನು) ಆಗದ ಹೊಲವನ್ನು ಆಗಿದೆಯೆಂದು ಹೇಳಿ ಮಾರುವುದು, ಒಂದೇ ಪ್ಲಾಟಿಗೆ ಇಬ್ಬರಿಗೆ ಸಂಚಕಾರ ಪತ್ರ ಬರೆದುಕೊಡುವುದು, ಉತಾರದಲ್ಲಿನ (ಪಹಣಿ) ಬ್ಯಾಂಕ್ ಬೋಜಾ, ಅಂದರೆ ಸಾಲದ ಹೊರೆ, ಮುಚ್ಚಿಟ್ಟು ಖರೀದಿ ಕೊಡುವುದು, ಮನೆ ಕಟ್ಟಿಸಿಕೊಡುವೆನೆಂದು ಹಣ ಪಡೆದು ಪಾಯಕ್ಕೇ ಕೆಲಸ ನಿಲ್ಲಿಸುವುದು ಇದರ ಸಾಮಾನ್ಯ ಬಗೆಗಳು. ಈ ಸೀಮೆಯಲ್ಲಿ ಮನೆಯ ಹಣಕ್ಕೆ ಬೇರೆಯದೇ ಭಾರವಿದೆ. ಆಲಮಟ್ಟಿ ಹಿನ್ನೀರಿನಲ್ಲಿ ಬೀಳಗಿ ಭಾಗದ ಹಳ್ಳಿಗಳು ಮುಳುಗಡೆಯಾದವು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ನೆರೆಗೆ ಮನೆಗಳು ಬಿದ್ದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಪರಿಹಾರದ ಹಣದಲ್ಲಿ ಸೂರು ಕಟ್ಟಲು ಹೊರಟ ಕುಟುಂಬ ಮೋಸಹೋದರೆ ಎರಡನೆಯ ಸಲ ಕಟ್ಟುವ ಶಕ್ತಿ ಅದಕ್ಕೆ ಉಳಿದಿರುವುದಿಲ್ಲ.

2024ರ ಜುಲೈ 1ಕ್ಕಿಂತ ಹಿಂದಿನ ಕೃತ್ಯಗಳಿಗೆ ಭಾರತೀಯ ದಂಡ ಸಂಹಿತೆಯ 420ನೇ ಕಲಮು, ಆನಂತರದವಕ್ಕೆ ಭಾರತೀಯ ನ್ಯಾಯ ಸಂಹಿತೆಯ 318(4) ಅನ್ವಯಿಸುತ್ತದೆ. ಎರಡರಲ್ಲೂ ಗರಿಷ್ಠ ಶಿಕ್ಷೆ 7 ವರ್ಷ ಜೈಲು ಮತ್ತು ದಂಡ. ಆದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು 3 ವರ್ಷಕ್ಕಿಂತ ಹೆಚ್ಚು ಜೈಲು ವಿಧಿಸುವಂತಿಲ್ಲ. ಹೆಚ್ಚು ಬೇಕೆನಿಸಿದರೆ ಮೊಕದ್ದಮೆಯನ್ನು ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು.

ತಾಲ್ಲೂಕಿನ ಮ್ಯಾಜಿಸ್ಟ್ರೇಟರು ಕೊಟ್ಟ ಶಿಕ್ಷೆಯ ಮೇಲಿನ ಅಪೀಲು ಸೆಷನ್ಸ್ ನ್ಯಾಯಾಲಯಕ್ಕೆ ಹೋಗುತ್ತದೆ. ಬಾಗಲಕೋಟೆ ಜಿಲ್ಲೆಯಲ್ಲಿ ಜಿಲ್ಲಾ ಕೇಂದ್ರದ ಜೊತೆಗೆ ಜಮಖಂಡಿಯಲ್ಲೂ ಹೆಚ್ಚುವರಿ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರು ಕೂರುತ್ತಾರೆ. ಸೆಷನ್ಸ್ ನ್ಯಾಯಾಲಯಕ್ಕೆ ಅಪೀಲು ಹಾಕಲು ಅವಧಿ 30 ದಿನ, ಹೈಕೋರ್ಟಿಗಾದರೆ 60 ದಿನ. ತೀರ್ಪಿನ ನಕಲು ಪಡೆಯಲು ಹಿಡಿದ ಕಾಲವನ್ನು ಲೆಕ್ಕದಿಂದ ಬಿಡಲಾಗುತ್ತದೆ. ಜೈಲಿನಲ್ಲಿರುವವನು ಜೈಲು ಅಧಿಕಾರಿಯ ಮೂಲಕವೇ ಅರ್ಜಿ ಕಳಿಸಬಹುದು. ಶಿಕ್ಷೆ 3 ವರ್ಷದೊಳಗಿದ್ದು, ಆರೋಪಿ ಆಗ ಜಾಮೀನಿನ ಮೇಲಿದ್ದರೆ, ಅಪೀಲು ಹಾಕಿ ಆದೇಶ ತರುವವರೆಗೆ ಶಿಕ್ಷೆ ಕೊಟ್ಟ ನ್ಯಾಯಾಲಯವೇ ಬಿಡುಗಡೆ ಮಾಡುತ್ತದೆ. ಆಮೇಲೆ ಶಿಕ್ಷೆಯನ್ನು ಅಮಾನತಿನಲ್ಲಿಡುವ ಅಧಿಕಾರ ಅಪೀಲು ನ್ಯಾಯಾಲಯದ್ದು. ತಪ್ಪೊಪ್ಪಿಕೊಂಡು ಶಿಕ್ಷೆ ಪಡೆದವನು ಮಾತ್ರ ಅಪರಾಧವನ್ನೇ ಅಲ್ಲಗಳೆಯಲಾರ; ಶಿಕ್ಷೆಯ ಪ್ರಮಾಣ, ಕಾನೂನುಬದ್ಧತೆಯನ್ನಷ್ಟೇ ಪ್ರಶ್ನಿಸಬಹುದು.

ಅಪೀಲು ನ್ಯಾಯಾಲಯ ಸಾಕ್ಷ್ಯವನ್ನೆಲ್ಲ ಹೊಸದಾಗಿ ತೂಗಿ ನೋಡಬೇಕು. ಕೆಳಗಿನ ತೀರ್ಪಿಗೆ ಬರಿಯ ಸಮ್ಮತಿ ಹಾಕಿದರೆ ಅದು ಅಪೀಲು ಎನಿಸುವುದಿಲ್ಲ. ಕಟ್ಟಡದ ಮೊಕದ್ದಮೆಗಳಲ್ಲಿ ಹೆಚ್ಚಿನ ವಾದ ನಡೆಯುವುದು ಒಂದು ಪ್ರಶ್ನೆಯ ಸುತ್ತ: ಹಣ ಪಡೆದ ದಿನವೇ ಮೋಸದ ಉದ್ದೇಶವಿತ್ತೋ, ಕೆಲಸ ಆಮೇಲೆ ಕೆಟ್ಟಿತೋ? ವಂಚನೆಗೆ ಆರಂಭದಲ್ಲೇ ಕಪಟ ಇದ್ದಿರಬೇಕು, ಬರಿಯ ಕರಾರು ಭಂಗ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು 2000ರಲ್ಲಿ, ಭೂಮಿ ಮಾರಾಟದ ಒಂದು ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಸಿಮೆಂಟು, ಕಬ್ಬಿಣದ ದರ ಏರಿ ಗೌಂಡಿಗಳಿಗೆ ಕೂಲಿ ಕೊಡಲಾಗದೆ ನಿಂತ ಮನೆಗೆ ಪರಿಹಾರ ಸಿವಿಲ್ ದಾವೆಯಲ್ಲಿದೆ. ಅದೇ ಗುತ್ತಿಗೆದಾರ ಸಂಚಕಾರದ ದಿನವೇ ಆ ಪ್ಲಾಟನ್ನು ಇನ್ನೊಬ್ಬನಿಗೆ ಕೊಟ್ಟಿದ್ದನೆಂದು ನೋಂದಣಿ ಕಚೇರಿಯ ದಾಖಲೆ ತೋರಿಸಿದರೆ ಉದ್ದೇಶ ತಾನಾಗಿ ಹೊರಬೀಳುತ್ತದೆ. ಹಾಗಾಗಿ ಇಂಥ ಅಪೀಲುಗಳಲ್ಲಿ ಸಾಕ್ಷಿಗಳ ಮಾತಿಗಿಂತ ಉತಾರ, ಎನ್.ಎ. ಆದೇಶ, ಬ್ಯಾಂಕ್ ಖಾತೆಯ ತಾರೀಖುಗಳೇ ಹೆಚ್ಚು ನಿರ್ಣಾಯಕ.

ಖೋಟಾ ದಾಖಲೆಯ ಆರೋಪವೂ ಅನೇಕ ಸಲ ಅಪೀಲಿನಲ್ಲಿ ಬಿದ್ದುಹೋಗುತ್ತದೆ. ತನ್ನದಲ್ಲದ ಜಾಗವನ್ನು ತನ್ನದೆಂದು ಹೇಳಿ ತನ್ನದೇ ಸಹಿಯಿಂದ ಖರೀದಿ ಪತ್ರ ಕೊಟ್ಟವನು ಖೋಟಾ ದಾಖಲೆ ಸೃಷ್ಟಿಸಿದಂತಾಗುವುದಿಲ್ಲ, ಕೊಂಡವನಿಗೆ ವಂಚಿಸಿರಬಹುದು ಎಂದು 2009ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮಾಲೀಕನೇ ತಾನೆಂದು ನಟಿಸಿ, ಇಲ್ಲವೇ ಮಾಲೀಕನ ಪರವಾಗಿ ಸುಳ್ಳು ಅಧಿಕಾರದಿಂದ ಸಹಿ ಮಾಡಿದರೆ ಮಾತು ಬೇರೆ. ನಂಬಿಕೆದ್ರೋಹ ಮತ್ತು ವಂಚನೆ ಒಂದೇ ಸಂಗತಿಯ ಮೇಲೆ ಒಟ್ಟಿಗೆ ನಿಲ್ಲವೆಂದು 2024ರ ಆಗಸ್ಟ್‌ನಲ್ಲಿ ಬಂದ ತೀರ್ಪೂ ಇಲ್ಲಿ ಮುಖ್ಯ. ಸಿಕ್ಕ ಕಲಮುಗಳನ್ನೆಲ್ಲ ಸೇರಿಸಿ ಬರೆದ ಆರೋಪಪಟ್ಟಿ ಫಿರ್ಯಾದುದಾರನಿಗೇ ಹಾನಿ.

ಶಿಕ್ಷೆಗೊಳಗಾದವನು ತಾನೇ ಹಾಕಿದ ಅಪೀಲಿನಲ್ಲಿ ಶಿಕ್ಷೆಯನ್ನು ಹೆಚ್ಚಿಸುವಂತಿಲ್ಲ. ಹೆಚ್ಚಿಸಬೇಕೆಂದರೆ ಸರ್ಕಾರ ಪ್ರತ್ಯೇಕ ಅಪೀಲು ಹಾಕಬೇಕು. ಮೋಸಹೋದವನಿಗೆ 2009ರ ಡಿಸೆಂಬರ್ 31ರಿಂದ ಸ್ವತಂತ್ರ ಅಪೀಲಿನ ಹಕ್ಕಿದೆ: ಆರೋಪಿ ಬಿಡುಗಡೆಯಾದಾಗ, ಚಿಕ್ಕ ಅಪರಾಧಕ್ಕಷ್ಟೇ ಶಿಕ್ಷೆಯಾದಾಗ, ಪರಿಹಾರ ಸಾಲದಾದಾಗ. ಶಿಕ್ಷೆಯ ಅವಧಿ ಕಡಿಮೆಯಾಯಿತೆಂಬ ಒಂದೇ ಕಾರಣಕ್ಕೆ ಅವನು ಹೋಗುವಂತಿಲ್ಲ. ಈ ಹಕ್ಕಿನ ವ್ಯಾಪ್ತಿಯನ್ನು ಗಟ್ಟಿಗೊಳಿಸಿದ ತೀರ್ಪು ಬಾಗಲಕೋಟೆಯ ಸೆಷನ್ಸ್ ನ್ಯಾಯಾಲಯದಲ್ಲಿ ಶುರುವಾದ ಪ್ರಕರಣದ್ದೆಂಬುದು ಇಲ್ಲಿಯವರು ತಿಳಿದಿರಬೇಕಾದ ಸಂಗತಿ. ಅದು ಕೊಲೆಯತ್ನದ ಮೊಕದ್ದಮೆ. ಅಪರಾಧ 2009ರ ಡಿಸೆಂಬರಿಗಿಂತ ಮೊದಲಿನದೆಂದು ಹೈಕೋರ್ಟು ಸಂತ್ರಸ್ತನ ಅಪೀಲನ್ನು ಒಪ್ಪಲಿಲ್ಲ. 2018ರ ಅಕ್ಟೋಬರ್ 12ರಂದು ಸುಪ್ರೀಂ ಕೋರ್ಟು, ಬಿಡುಗಡೆಯ ತೀರ್ಪು 2009ರ ಡಿಸೆಂಬರ್ 31ರ ನಂತರ ಬಂದಿದ್ದರೆ ಸಾಕು, ವಿಶೇಷ ಅನುಮತಿಯೂ ಬೇಕಿಲ್ಲವೆಂದಿತು. ಪ್ಲಾಟಿನ ಹಣ ಕಳೆದುಕೊಂಡವನಿಗೂ ಅದೇ ನಿಯಮ ಅನ್ವಯಿಸುತ್ತದೆ.

ಅನೇಕ ಅಪೀಲುಗಳು ವಾದದಿಂದಲ್ಲ, ರಾಜಿಯಿಂದ ಮುಗಿಯುತ್ತವೆ. ವಂಚನೆಯ ಅಪರಾಧವನ್ನು ಅಪೀಲಿನ ಹಂತದಲ್ಲೂ ನ್ಯಾಯಾಲಯದ ಅನುಮತಿಯಿಂದ ರಾಜಿ ಮಾಡಿಕೊಳ್ಳಬಹುದು. ಆಗ ಆರೋಪಿ ಬಿಡುಗಡೆಯಾದಂತೆ. ವಂಚನೆಗಾಗಿ ಮಾಡಿದ ಖೋಟಾ ದಾಖಲೆಯ ಅಪರಾಧ ಹೀಗೆ ರಾಜಿಯಾಗದು. ಹಣ ಹಿಂದಿರುಗಿಸಿದ್ದು ಅಲ್ಲಿ ಶಿಕ್ಷೆ ತಗ್ಗಿಸಲು ಕಾರಣವಾಗಬಹುದು, ಅಷ್ಟೇ. ಮನೆಗಾಗಿ ಕೂಡಿಟ್ಟ ಹಣ ಕಳೆದುಕೊಂಡವನಿಗೆ ಎದುರಾಳಿಯ ಜೈಲಿಗಿಂತ ಹಣ ಮರಳುವುದೇ ದೊಡ್ಡದು. ಆದರೆ ಹಣ ಪೂರ್ತಿ ಕೈಸೇರುವ ಮೊದಲೇ ರಾಜಿ ಅರ್ಜಿಗೆ ಸಹಿ ಹಾಕಿದರೆ ಅವನ ಹಿಡಿತವೆಲ್ಲ ಹೋಗುತ್ತದೆ.

ಹಣ ಹಿಂದಿರುಗಿಸುವೆನೆಂದು ಕೊಟ್ಟ ಚೆಕ್ ಬೌನ್ಸಾದ ಮೊಕದ್ದಮೆಯ ದಾರಿ ಸ್ವಲ್ಪ ಬೇರೆ. ಅಲ್ಲಿ ಶಿಕ್ಷೆಯಾದವನು ಅಪೀಲು ಹಾಕಿದಾಗ ದಂಡ ಅಥವಾ ಪರಿಹಾರದ ಕನಿಷ್ಠ 20 ಪ್ರತಿಶತವನ್ನು ಠೇವಣಿ ಇಡಲು ಹೇಳುವ ಅಧಿಕಾರ 2018ರ ಸೆಪ್ಟೆಂಬರ್‌ನಿಂದ ಅಪೀಲು ನ್ಯಾಯಾಲಯಕ್ಕಿದೆ.

ಸೆಷನ್ಸ್ ನ್ಯಾಯಾಲಯವೂ ಶಿಕ್ಷೆಯನ್ನು ಎತ್ತಿಹಿಡಿದರೆ ಎರಡನೆಯ ಅಪೀಲು ಇಲ್ಲ. ಹೈಕೋರ್ಟಿಗೆ ರಿವಿಜನ್ ಅರ್ಜಿ ಸಲ್ಲಿಸಬಹುದು. ಅಲ್ಲಿ ಸಾಮಾನ್ಯವಾಗಿ ಸಾಕ್ಷ್ಯವನ್ನು ಮತ್ತೆ ತೂಗುವುದಿಲ್ಲ. ಕಾನೂನಿನ ತಪ್ಪು, ಕಣ್ಣಿಗೆ ಹೊಡೆಯುವ ಅನ್ಯಾಯ ಇದ್ದರೆ ಮಾತ್ರ ಕೈಹಾಕುತ್ತಾರೆ. ಬಾಗಲಕೋಟೆ ಜಿಲ್ಲೆ ಹೈಕೋರ್ಟಿನ ಧಾರವಾಡ ಪೀಠಕ್ಕೆ ಸೇರಿದೆ. 2008ರ ಜುಲೈನಲ್ಲಿ ಸಂಚಾರಿ ಪೀಠವಾಗಿ ಆರಂಭವಾದ ಅದು 2013ರ ಆಗಸ್ಟ್‌ನಲ್ಲಿ ಕಾಯಂ ಆಯಿತು. 2008ಕ್ಕೂ ಮೊದಲು ಬನಹಟ್ಟಿಯ ನೇಕಾರನೂ ಬೀಳಗಿಯ ರೈತನೂ ಬೆಂಗಳೂರಿಗೇ ಹೋಗಬೇಕಿತ್ತು. ಸರ್ಕಾರಿ ಕಾಮಗಾರಿಯ ಬಿಲ್ಲಿನಲ್ಲಿ ಅಧಿಕಾರಿಗಳು ಭ್ರಷ್ಟಾಚಾರ ತಡೆ ಕಾಯ್ದೆಯಡಿ ಸಿಕ್ಕಿಬಿದ್ದ ಮೊಕದ್ದಮೆಗಳು ವಿಶೇಷ ನ್ಯಾಯಾಲಯದಲ್ಲಿ ನಡೆಯುವುದರಿಂದ ಅವುಗಳ ಅಪೀಲು ನೇರ ಹೈಕೋರ್ಟಿಗೆ. ಧಾರವಾಡದ ನಂತರ ಉಳಿಯುವುದು ಸುಪ್ರೀಂ ಕೋರ್ಟಿನ ವಿಶೇಷ ಅನುಮತಿ ಅರ್ಜಿ. ಅದು ಹಕ್ಕಲ್ಲ, ಆ ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು.

ಅಪೀಲು ನಡೆಯುತ್ತಿರುವಾಗ ಶಿಕ್ಷೆಗೊಳಗಾದವನು ತೀರಿಕೊಂಡರೆ ಜೈಲು ಶಿಕ್ಷೆಯ ಅಪೀಲು ಅಲ್ಲಿಗೇ ನಿಲ್ಲುತ್ತದೆ. ಕಳಂಕ ತೊಳೆಯಬೇಕೆನ್ನುವ ಹತ್ತಿರದ ಸಂಬಂಧಿಗಳು 30 ದಿನದೊಳಗೆ ಅನುಮತಿ ಪಡೆದು ಅದನ್ನು ಮುಂದುವರಿಸಬಹುದು. ದಂಡದ ಮೇಲಿನ ಅಪೀಲು ಮಾತ್ರ ಸಾವಿನೊಂದಿಗೆ ಮುಗಿಯುವುದಿಲ್ಲ, ಏಕೆಂದರೆ ಆ ಹೊರೆ ಸತ್ತವನು ಬಿಟ್ಟುಹೋದ ಆಸ್ತಿಯ ಮೇಲೆ ಉಳಿಯುತ್ತದೆ.